ದಾರಿ ಹೇಳಿ, ಆಮೇಲೆ ಟಿಕೆಟ್ ತೆಗೆಯಿರಿ

ಅಮೆರಿಕದಲ್ಲಿ ಕೂತು ಊರಿನ ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ ತೆಗೆಯುವ ಎಲ್ಲ ಮಕ್ಕಳಿಗೆ,



ವಾಟ್ಸಾಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಅದರ ಹಿಂದೆಯೇ ನಿಮ್ಮದೊಂದು ಸಾಲು: 'ಅಪ್ಪಾ, ಟಿಕೆಟ್ ಆಯ್ತು. ಪ್ರಿಂಟ್ ತೆಗೆಸಿ ಇಟ್ಕೊಳ್ಳಿ.' ಎರಡನೇ ಸಲ ಹೊರಟಾಗ ನಾನು ಹೀಗೇ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಒಂದು ಕಾಲದಲ್ಲಿ ನನ್ನ ಹತ್ತಿರವೇ ಭೂಗೋಳ ಕಲಿತವನು. ಹಾಳೆ ಮೆಷಿನ್ನಿನಿಂದ ಹೊರಗೆ ಬರುವಷ್ಟರಲ್ಲಿ ಅದನ್ನು ಓದಿ ಮುಗಿಸಿದ್ದ. 'ಏನ್ ಸಾರ್, ದುಬೈ ಮೇಲೆ ಹೋಗ್ತಿದೀರಾ? ಬೆಳಗಿನ ಜಾವಕ್ಕೆ ಫ್ಲೈಟು ಹಾಕವ್ರೆ!' ನಾನು ಎಲ್ಲಿ ಇಳಿದು, ಎಷ್ಟು ಹೊತ್ತು ಕಾದು, ಯಾವ ಕಡೆಯಿಂದ ಮಗಳ ಮನೆ ಸೇರುತ್ತೇನೆ ಎನ್ನುವುದು ನನಗಿಂತ ಮೊದಲು ಅವನಿಗೆ ಗೊತ್ತಾಯಿತು. ಪುಟಕ್ಕೆ ಐದು ರೂಪಾಯಿ ತೆಗೆದುಕೊಂಡ.

ನನ್ನ ಊರು ಅರಸೀಕೆರೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾಳೆ. ನಾನೂ ನನ್ನ ಹೆಂಡತಿಯೂ ಮೂರು ಸಲ ಹೋಗಿ ಬಂದೆವು. ಮೂರು ಸಲವೂ ಬೇರೆ ಬೇರೆ ದಾರಿ. ಮೊದಲ ಸಲ ಫ್ರಾಂಕ್‌ಫರ್ಟ್, ಆಮೇಲೆ ದುಬೈ, ಕಳೆದ ಸಲ ಎಲ್ಲೂ ಇಳಿಯದೆ ನೇರ. ಒಂದನ್ನೂ ನಾವು ಆರಿಸಿದ್ದಲ್ಲ. ಇದನ್ನೆಲ್ಲ ಮಗಳಿಗೆ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ದೇವನಹಳ್ಳಿಯ ಏರ್‌ಪೋರ್ಟಿನ ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ನಿಂತವರೂ ನಮ್ಮಂಥವರೇ. ತಿಪಟೂರಿನವರು, ದಾವಣಗೆರೆಯವರು, ಬಸವನಗುಡಿಯವರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಮಕ್ಕಳು ಕಳಿಸಿದ ಅದೇ ಪಿಡಿಎಫ್. 'ನಿಮ್ಮದು ಯಾವ ಕಡೆಯಿಂದ?' ಎಂದು ಕೇಳಿದರೆ, 'ಅದೇನೋ ಗೊತ್ತಿಲ್ಲ ಸಾರ್, ಮಗ ಮಾಡಿಸಿದಾನೆ' ಎನ್ನುತ್ತಾರೆ. ಅದಕ್ಕೇ ಇದನ್ನು ನಿಮಗೆಲ್ಲರಿಗೂ ಬರೆಯುತ್ತಿದ್ದೇನೆ.

ನೀವು ನೋಡುವ ಪರದೆಯನ್ನು ನಾನೂ ನೋಡಿದ್ದೇನೆ, ಮಗಳ ಭುಜದ ಹಿಂದೆ ನಿಂತು. ಅದರಲ್ಲಿ ದುಡ್ಡು ಎಷ್ಟು, ಗಂಟೆ ಎಷ್ಟು, ಸ್ಟಾಪ್ ಎಷ್ಟು ಎನ್ನುವುದಿದೆ. ಕಡಿಮೆ ಇರುವುದನ್ನು ಒತ್ತುತ್ತೀರಿ. ತಪ್ಪೇನಿಲ್ಲ, ದುಡ್ಡು ನಿಮ್ಮದು. ಆದರೆ ಆ ಮೂರು ಅಂಕಿಗಳಲ್ಲಿ ದಾರಿ ಇಲ್ಲ.

ದಾರಿ ನೋಡಲು ನಾನು ಗ್ಲೋಬ್ ತೆಗೆದೆ. ನಿವೃತ್ತಿಯ ದಿನ ಹುಡುಗರು ಕೊಟ್ಟಿದ್ದು, ಟಿವಿ ಪಕ್ಕದಲ್ಲಿ ಧೂಳು ಕುಡಿಯುತ್ತ ಇತ್ತು. ಹೆಂಡತಿ ಹೂ ಕಟ್ಟುವ ದಾರ ತಂದು ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆದೆ. ಗೋಡೆಯ ನಕ್ಷೆಯಲ್ಲಿ ಅಮೆರಿಕ ಪಡುವಣದ ಕೊನೆಯಲ್ಲಿದೆ, ಹಾಗಾಗಿ ಅರಬ್ಬಿ ಸಮುದ್ರ ದಾಟಿ ಹೋಗಬೇಕು ಅನ್ನಿಸುತ್ತದೆ. ದಾರ ಆ ಕಡೆ ತಿರುಗಿಯೂ ನೋಡಲಿಲ್ಲ. ಬೆಂಗಳೂರಿನಿಂದ ಈಶಾನ್ಯಕ್ಕೆ ಹೊರಟು ನೇಪಾಳ ಹಾದು, ಮಂಗೋಲಿಯಾದ ಪಡುವಣ ಅಂಚು ಸವರಿಕೊಂಡು, ಸೈಬೀರಿಯಾ ಹತ್ತಿ, ಉತ್ತರಕ್ಕೆ 71 ಡಿಗ್ರಿಯಷ್ಟು ಮೇಲೇರಿ, ಆರ್ಕ್ಟಿಕ್ ಸಾಗರದ ನೀರು ಮುಟ್ಟಿ, ಅಲಾಸ್ಕಾ ಇಳಿದು ಕ್ಯಾಲಿಫೋರ್ನಿಯಾಕ್ಕೆ ಬಂತು. ಸುಮಾರು 14,000 ಕಿಲೋಮೀಟರು. ಇದೇ ಮಹಾವೃತ್ತದ ದಾರಿ, ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ಗೆರೆ. ಮಕ್ಕಳಿಗೆ ಮೂವತ್ತನಾಲ್ಕು ವರ್ಷ ಇದನ್ನು ಹೇಳಿಕೊಟ್ಟೆ. ನನ್ನ ಕೈಬೆರಳಿಗೆ ಅದು ಅರ್ಥವಾಗಿದ್ದು ಅವತ್ತು. ನಮ್ಮ ಗೋಡೆಗಳ ಮೇಲಿನ ನಕ್ಷೆಯ ಮೂಲಪುರುಷ ಮರ್ಕೇಟರ್, ಹಡಗಿನವರಿಗಾಗಿ ಅದನ್ನು 1569ರಲ್ಲಿ ಬರೆದ. ಹಡಗಿಗೆ ಸರಿಯಾಗಿದ್ದು ವಿಮಾನ ಹತ್ತುವವರಿಗೆ ದಾರಿ ತಪ್ಪಿಸುತ್ತದೆ.

ದಾರ ಅಷ್ಟು ಮೇಲೆ ಹೋಗಲು ಕಾರಣವಿದೆ. ಭೂಮಿಯನ್ನು ಒಂದು ತೆಂಗಿನಕಾಯಿ ಅಂದುಕೊಂಡರೆ, ಬೆಂಗಳೂರು ಅದರ ಒಂದು ಮಗ್ಗುಲು, ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ ಎದುರು ಮಗ್ಗುಲು. ಸುತ್ತಿ ಹೋಗುವುದಕ್ಕಿಂತ ಜುಟ್ಟಿನ ಹತ್ತಿರ ಹಾದರೆ ಹತ್ತಿರ. ಬೇಸಿಗೆಯಲ್ಲಿ ಎರಡೂ ಊರಿನ ಗಡಿಯಾರಕ್ಕೆ ಹನ್ನೆರಡೂವರೆ ಗಂಟೆ ಅಂತರ. ನನ್ನ ಕೈಗಡಿಯಾರದ ಮುಳ್ಳನ್ನು ಬರೀ ಅರ್ಧ ಗಂಟೆ ಹಿಂದೆ ತಿರುಗಿಸಿದರೆ ಸಾಕು, ಅಲ್ಲಿನ ಟೈಮು ಸರಿಯಾಗಿ ತೋರಿಸುತ್ತದೆ. ಹಗಲು ಮಾತ್ರ ರಾತ್ರಿಯಾಗಿರುತ್ತದೆ. ನನ್ನ ಹೆಂಡತಿ ಅಲ್ಲಿದ್ದ ಮೂರು ತಿಂಗಳೂ ಗಡಿಯಾರ ಮುಟ್ಟಲೇ ಇಲ್ಲ. 'ಅರ್ಧ ಗಂಟೆಗೆಲ್ಲ ಯಾರು ತಿರುಗಿಸ್ತಾರೆ' ಎಂದಳು.

ಆದರೆ ವಿಮಾನ ದಾರದ ಮೇಲೆ ಹಾರುವುದಿಲ್ಲ. ನೇಪಾಳ ದಾಟಿದ ಕೂಡಲೇ ಟಿಬೆಟ್ ಇದೆ. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಸಬೇಕು, ಅಲ್ಲಿಯಾದರೆ ಉಸಿರಾಡಬಹುದು. ಟಿಬೆಟ್ಟಿನ ನೆಲವೇ ಹದಿನಾಲ್ಕು ಸಾವಿರ ಅಡಿಗಿಂತ ಮೇಲಿರುವಾಗ ಇಳಿಯುವುದು ಎಲ್ಲಿಗೆ? ಆದ್ದರಿಂದ ವಿಮಾನಗಳು ಅದನ್ನು ಆದಷ್ಟು ಬಳಸಿ ಹೋಗುತ್ತವೆ.

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ, ಜೆಟ್ ಸ್ಟ್ರೀಮ್. ಹೊಳೆಯಲ್ಲಿ ದೋಣಿ ಬಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಶುರುಮಾಡಿದಾಗ ಅದು ಯುರೋಪಿನ ಕಡೆಯಿಂದ, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಮರುವರ್ಷ ಅಕ್ಟೋಬರಿನಲ್ಲಿ ದಿಕ್ಕನ್ನೇ ತಿರುಗಿಸಿದರು. ಪೆಸಿಫಿಕ್ ಸಾಗರದ ಮೇಲೆ, ಗಾಳಿ ಬೆನ್ನಿಗೆ ಇಟ್ಟುಕೊಂಡು. ದೂರ ಸಾವಿರ ಕಿಲೋಮೀಟರಿಗೂ ಮಿಕ್ಕಿ ಹೆಚ್ಚಾಗಿ 15,300 ಆಯಿತು, ಹೊತ್ತು ಮಾತ್ರ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಯ ಹತ್ತಿರಕ್ಕೆ ಬಂತು. 2017ರಲ್ಲಿ ಬರೀ ಹೆಣ್ಣುಮಕ್ಕಳೇ ಇದ್ದ ತಂಡವೊಂದು ಹೋಗುವಾಗ ಪೆಸಿಫಿಕ್ ಮೇಲೆ, ಬರುವಾಗ ಅಟ್ಲಾಂಟಿಕ್ ಮೇಲೆ ಹಾರಿ, ಭೂಮಿಗೆ ಪ್ರದಕ್ಷಿಣೆ ಹಾಕಿಕೊಂಡೇ ಬಂತು. ನಾವು ದೇವಸ್ಥಾನಕ್ಕೆ ಹಾಕುವುದೂ ಅಷ್ಟೇ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವಂತಿಲ್ಲ.

ಬೆಂಗಳೂರಿನ ನೇರ ವಿಮಾನದ ಮೊದಲ ಹಾರಾಟವೂ ಹೆಣ್ಣುಮಕ್ಕಳದ್ದೇ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣಕ್ಕೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬುವ ಹಾಗಿಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟದ ಹಾಗೆ ಕಣ್ಣಿಟ್ಟಿರಬೇಕು. ಮೈನಸ್ 47 ಡಿಗ್ರಿ ಅದರ ಗಡಿ. ಇದನ್ನೆಲ್ಲ ಮೊದಲೇ ತಿಳಿದಿದ್ದರೆ ಕಳೆದ ಸಲ ನೇರ ವಿಮಾನದಲ್ಲಿ ಕೂತಿದ್ದಾಗ ನಾನು ಮೂರನೇ ಸಲ ಅದೇ ಸಿನಿಮಾ ಹಾಕಿಕೊಳ್ಳುವ ಬದಲು ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ ನಕ್ಷೆ ನೋಡುತ್ತಿದ್ದೆ. ನಮಗೆ ಯಾರೂ ಹೇಳಲಿಲ್ಲ.

ಬೆಂಗಳೂರಿನಿಂದ ಅಮೆರಿಕದ ಪಡುವಣ ಕರಾವಳಿಗೆ ನೇರವಾಗಿ ಹಾರುತ್ತೇವೆಂದು ಆ ಕಾಲಕ್ಕೆ ಮೂರು ಕಂಪನಿಗಳು ಹೇಳಿದ್ದವು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ, ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ. ಆ ಎರಡೂ ಹಾರಲೇ ಇಲ್ಲ. ಮೊದಲು ಕೋವಿಡ್, ಆಮೇಲೆ ಉಕ್ರೇನಿನ ಯುದ್ಧ. 2022ರಿಂದ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ನನ್ನ ದಾರವನ್ನು ನೆನಪಿಸಿಕೊಳ್ಳಿ. ಅದರ ನಡುಭಾಗವೆಲ್ಲ ಸೈಬೀರಿಯಾ. ಹಾರಿದ ಏರ್ ಇಂಡಿಯಾದ ಮಾರ್ಗವೂ ನಡುವೆ ನಿಂತು 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಇಂಥ ಮಾರ್ಗಗಳು ರಾಷ್ಟ್ರೀಯ ಹೆದ್ದಾರಿಯಲ್ಲ, ಹೊಳೆಯೊಳಗಿನ ಕಾಲುದಾರಿ. ನೀರು ಇಳಿದಾಗ ಇರುತ್ತವೆ.

ನೆಲದ ಮೇಲಿನ ಜಗಳ ಆಕಾಶದ ದಾರಿಯನ್ನು ತಿರುಗಿಸುವುದು ಹೊಸದೇನೂ ಅಲ್ಲ. ಸೋವಿಯತ್ ಆಕಾಶ ಮುಚ್ಚಿದ್ದ ಕಾಲದಲ್ಲಿ ಯುರೋಪಿನಿಂದ ಟೋಕಿಯೋಗೆ ಹೋಗುವ ವಿಮಾನಗಳು ಅಲಾಸ್ಕಾದ ಆಂಕರೇಜಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದವು. ಆ ಹಿಮದ ಊರಿನ ನಿಲ್ದಾಣದಲ್ಲಿ ಜಪಾನಿನ ಪ್ರಯಾಣಿಕರಿಗಾಗಿ ಬಿಸಿ ಉಡೋನ್ ಶಾವಿಗೆಯ ಅಂಗಡಿಯೊಂದಿತ್ತು, ಜಪಾನಿನಲ್ಲೆಲ್ಲ ಹೆಸರುವಾಸಿ. ಸೋವಿಯತ್ ಆಕಾಶ ತೆರೆಯಿತು, ವಿಮಾನಗಳ ಓಟವೂ ಹಿಗ್ಗಿತು, ಆಂಕರೇಜ್ ಖಾಲಿಯಾಯಿತು. ಈಗ ಅಲ್ಲಿ ಇಳಿಯುವುದು ಹೆಚ್ಚಾಗಿ ಸರಕಿನ ವಿಮಾನ. 2022ರಲ್ಲಿ ರಷ್ಯಾದ ಬಾಗಿಲು ಮತ್ತೆ ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್, ಧ್ರುವ ಸುತ್ತಿಕೊಂಡು ಹದಿಮೂರು ಗಂಟೆ ಹಾರತೊಡಗಿತು. ನಮ್ಮ ಕಡೆಯದ್ದೂ ಅದೇ ಕಥೆ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಟಿಕೆಟ್ಟಿನ ಮೇಲೆ 'ನೇರ' ಎಂದಿದ್ದದ್ದು ಹಾದಿಯಲ್ಲಿ ಸ್ಟಾಪ್ ಆಯಿತು.

ಮಗದಾನ್ ಎಂಬ ಊರಿನ ವಿಷಯ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಎರಡು ಎಂಜಿನ್ನಿನ ವಿಮಾನ ಎಲ್ಲಿ ಹಾರಿದರೂ, ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಲ್ಲಿ ನಿಗದಿಯಾದ ಹೊತ್ತಿನೊಳಗೆ ಇಳಿಯಲು ಒಂದು ನಿಲ್ದಾಣ ಇರಲೇಬೇಕು ಎಂಬುದು ಕಾನೂನು. ಹಾಗಾಗಿ ಆ ದಾರದ ಕೆಳಗೆ ನಿಮ್ಮ ಪಿಡಿಎಫ್‌ನಲ್ಲಿ ಕಾಣದ ಊರುಗಳು ಸಾಲಾಗಿ ಕಾದು ಕೂತಿರುತ್ತವೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ತೊಂದರೆ ಕಂಡು, ರಷ್ಯಾದ ಮೂಡಣ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಸಾಲುವ ಹೋಟೆಲು ಅಲ್ಲಿರಲಿಲ್ಲ, ಶಾಲೆಯ ಕೋಣೆಗಳಲ್ಲೂ ಹಾಸಿಗೆ ಹಾಸಿದರು. ಮುಂಬೈಯಿಂದ ಇನ್ನೊಂದು ವಿಮಾನ ಬಂದು ಕರೆದುಕೊಂಡು ಹೋಗುವವರೆಗೆ ಅಲ್ಲೇ. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ವಿಮಾನ ಕ್ಷೇಮವಾಗಿ ಇಳಿಯಿತು, ಏರ್ಪಾಡು ಇರುವುದೇ ಅದಕ್ಕೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆದರೆ ಬಿಪಿ ಮಾತ್ರೆಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಟ್ಟ ಒಬ್ಬ ಅಜ್ಜಿ ಆ ಶಾಲೆಯ ಕೋಣೆಯಲ್ಲಿ ಏನು ಮಾಡಬೇಕು? ಮಗದಾನ್ ಸುದ್ದಿ ಕೇಳಿದ ದಿನದಿಂದ ನಮ್ಮ ಮಾತ್ರೆಗಳು ಕೈಚೀಲ ಬಿಟ್ಟು ಇಳಿದಿಲ್ಲ.

ಈಗ 'ಒಂದು ಸ್ಟಾಪ್' ವಿಷಯಕ್ಕೆ ಬರುತ್ತೇನೆ. ನನಗೆ ನಿಮ್ಮ ಮೇಲೆ ಸ್ವಲ್ಪ ಕೋಪ ಇರುವುದು ಇಲ್ಲೇ.

ನಾನು ಜಂಕ್ಷನ್ನಿನ ಊರಿನವನು. ಅರಸೀಕೆರೆಗೆಂದೇ ಬರುವವರು ಕೊಬ್ಬರಿ ವ್ಯಾಪಾರದವರು, ನೆಂಟರು. ಉಳಿದವರೆಲ್ಲ ಗಾಡಿ ಬದಲಿಸುವವರು. ಮೈಸೂರಿನ ಕಡೆಯದ್ದು ಬಂದು ನಿಂತರೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗುವುದಕ್ಕಾಗಿ ಕಾಯಬೇಕು. ಗಾಡಿಗಳು ಹೊತ್ತಿಗೆ ಹೊತ್ತು ಹೊಂದಿಸಿಕೊಂಡು ಬರುತ್ತವೆ, ಪ್ಲಾಟ್‌ಫಾರ್ಮು ಅರ್ಧ ಗಂಟೆ ಜಾತ್ರೆಯಾಗಿ ಆಮೇಲೆ ಬಣಗುಡುತ್ತದೆ. ದುಬೈ ಅಂದರೆ ಇದೇ ಅರಸೀಕೆರೆ, ಅಮೃತಶಿಲೆ ಹಾಸಿದ್ದು. 1960ರಲ್ಲಿ ಅಲ್ಲಿದ್ದದ್ದು ಗಟ್ಟಿಮಾಡಿದ ಮರಳಿನ ರನ್‌ವೇ. 1985ರ ಅಕ್ಟೋಬರ್ 25ರಂದು ಎಮಿರೇಟ್ಸ್‌ನ ಮೊದಲ ವಿಮಾನ ಕರಾಚಿಗೆ ಹಾರಿತು, ವಿಮಾನ ಪಾಕಿಸ್ತಾನದ ಕಂಪನಿಯಿಂದ ಬಾಡಿಗೆಗೆ ತಂದದ್ದು. 2024ರಲ್ಲಿ ಆ ನಿಲ್ದಾಣ ಹಾದುಹೋದವರು 9 ಕೋಟಿ 23 ಲಕ್ಷ ಜನ. ನಮ್ಮ ವಿಮಾನಗಳು ಸರಿರಾತ್ರಿ, ಬೆಳಗಿನ ಜಾವಕ್ಕೆ ಯಾಕೆ ಹೊರಡುತ್ತವೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಜಂಕ್ಷನ್ನಿನ ಲೆಕ್ಕ ಅದು. ಹತ್ತಾರು ಊರಿನಿಂದ ಬಂದವರನ್ನು ಒಂದೇ ಹೊತ್ತಿಗೆ ಸೇರಿಸಿ, ಇನ್ನು ಹತ್ತಾರು ಊರಿಗೆ ಹಂಚಬೇಕು. ಯುರೋಪಿನ ಊರುಗಳಿಗೆ ಬೆಳಗಾದ ಮೇಲೆ ತಲುಪಬೇಕು. ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ ಹನ್ನೊಂದರಿಂದ ಐದರವರೆಗೆ ವಿಮಾನ ಹಾರಾಟವೇ ನಿಷಿದ್ಧ, ಸುತ್ತಲಿನ ಜನ ಮಲಗಬೇಕಲ್ಲ. ಅವರ ನಿದ್ದೆ ಉಳಿಯಲಿ ಎಂದು ನಾವು ದೇವನಹಳ್ಳಿಯಲ್ಲಿ ಎರಡು ಗಂಟೆ ರಾತ್ರಿಗೆ ಕಣ್ಣುಜ್ಜಿಕೊಳ್ಳುತ್ತ ಕೂರುತ್ತೇವೆ.

ಅದಿರಲಿ. ನಿಮ್ಮ ಪರದೆಯಲ್ಲಿ ದುಬೈಯೂ 'ಒಂದು ಸ್ಟಾಪ್', ಫ್ರಾಂಕ್‌ಫರ್ಟೂ 'ಒಂದು ಸ್ಟಾಪ್'. ನಮ್ಮ ಸೊಂಟಕ್ಕೆ ಅವೆರಡೂ ಒಂದೇ ಅಲ್ಲ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರ ಹತ್ತಿರ ಹದಿನಾರು. ನೇರ ವಿಮಾನವಾದರೆ ಹದಿನೇಳರ ಆಸುಪಾಸು. ಅಂದರೆ ಮಧ್ಯೆ ಇಳಿಸಿದ ಉಪಕಾರ ಎಷ್ಟಾಯಿತು? ಇಳಿದು ಹತ್ತುವ ಪಾಡೂ ಉಂಟು, ಆ ಉದ್ದನೆಯ ಕೂರುವಿಕೆಯೂ ತಪ್ಪಲಿಲ್ಲ. ಸಿಂಗಪುರವೂ ಹಾಗೇ, ಇತ್ತ ನಾಲ್ಕೂವರೆ, ಅತ್ತ ಹದಿನೈದಕ್ಕೂ ಮೇಲೆ. ಫ್ರಾಂಕ್‌ಫರ್ಟಾದರೆ ಹತ್ತು, ಆಮೇಲೆ ಹನ್ನೊಂದು. ಕೊಬ್ಬರಿಯನ್ನು ಸರಿಯಾಗಿ ನಡುವೆ ಒಡೆದ ಹಾಗೆ. 2021ರಲ್ಲಿ ಬೆಂಗಳೂರಿನಿಂದ ಟೋಕಿಯೋಗೆ ನೇರ ವಿಮಾನ ಬಂದ ಮೇಲೆ ಮೂಡಣದ ಕಡೆಯಿಂದಲೂ ಇಂಥದ್ದೊಂದು ದಾರಿ ಸಿಕ್ಕಿದೆ. ಅಲ್ಲಿಗೆ ಎಂಟೂವರೆ ಗಂಟೆಯಷ್ಟು, ಮುಂದಕ್ಕೆ ಗಾಳಿ ಬೆನ್ನಿಗಿರುವುದರಿಂದ ಒಂಬತ್ತೂವರೆ. ಸ್ಟಾಪ್ ಎಷ್ಟು ಎಂದು ಎಣಿಸಬೇಡಿ, ದಾರಿಯ ಯಾವ ಜಾಗದಲ್ಲಿದೆ ನೋಡಿ. ಟಿಕೆಟ್ ಮಾರುವ ಯಾವ ಪರದೆಯೂ ಇದನ್ನು ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ.

ಹದಿನೇಳು ಗಂಟೆ ಕೂರುವುದೆಂದರೆ ಏನು ಎಂದು ಮೂವತ್ತರ ಮೊಣಕಾಲಿಗೆ ತಿಳಿಯುವುದಿಲ್ಲ. ವಿಮಾನದೊಳಗಿನ ಗಾಳಿ ನೆಲದ ಗಾಳಿಯಲ್ಲ. ಹೊಸ ತರಹದ ಡ್ರೀಮ್‌ಲೈನರ್, ಏರ್‌ಬಸ್ 350ಗಳಲ್ಲಿ ಒಳಗಿನ ಒತ್ತಡ ಆರು ಸಾವಿರ ಅಡಿ ಎತ್ತರದ್ದು. ಹಳೆಯ ವಿಮಾನಗಳಲ್ಲಿ ಎಂಟು ಸಾವಿರದವರೆಗೆ ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರು, ಆರು ಸಾವಿರದ ಮುನ್ನೂರು ಅಡಿ ಅಂದುಕೊಳ್ಳಿ. ಹೊಸ ವಿಮಾನದಲ್ಲಿ ಕೂತರೆ ಗಿರಿಯ ನೆತ್ತಿಯ ಹತ್ತಿರ ಕೂತ ಹಾಗೆ. ಹಳೆಯದರಲ್ಲಿ ಅದಕ್ಕಿಂತ ಮೇಲೆ, ಊಟಿಯ ದೊಡ್ಡಬೆಟ್ಟದ ಸಮೀಪ. ಅಲ್ಲಿ ಹದಿನೇಳು ಗಂಟೆ, ಕಾಲು ಇಳಿಬಿಟ್ಟು, ಮಾಘದ ಬಯಲುಸೀಮೆಗಿಂತ ಒಣಗಿದ ಗಾಳಿಯಲ್ಲಿ. ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ. ಹಾಗಾಗಿ ಯಾವ ವಿಮಾನ ಎನ್ನುವುದನ್ನೂ ಒಮ್ಮೆ ನೋಡಿ, ಅದು ಟಿಕೆಟ್ಟಿನಲ್ಲಿ ಬರೆದಿರುತ್ತದೆ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ ಎಂದು ನೀವು ಫೋನಿನಲ್ಲಿ ಹೇಳುತ್ತೀರಿ. ಸರಿ, ಆದರೆ ಮೂರು ಸೀಟಿನ ನಡುವಿನದ್ದನ್ನು ನಮಗೆ ತೆಗೆದಿಟ್ಟು, ಓಡಾಡುವ ದಾರಿಯ ಬದಿಯಲ್ಲಿ ಗಾಢ ನಿದ್ದೆ ಹೋದ ಹುಡುಗನನ್ನು ಎರಡು ಗಂಟೆಗೊಮ್ಮೆ ಎಬ್ಬಿಸುವುದು ಹೇಗಪ್ಪಾ?

ಇಷ್ಟು ದೂರ ಒಂದೇ ಉಸಿರಿಗೆ ಹಾರುವುದು ವಿಮಾನಕ್ಕೂ ಸುಲಭವಲ್ಲ. ಮಗಳ ಮನೆಗೆ ನೇರ ಹಾರುತ್ತಿದ್ದ ಬೋಯಿಂಗ್ 777-200ಎಲ್‌ಆರ್‌ನ ಹೊಟ್ಟೆಗೆ 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಸುತ್ತದೆ, ಅದರಲ್ಲಿ ಒಂದು ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಬುತ್ತಿ ಹೊತ್ತವನು ದಾರಿಯುದ್ದಕ್ಕೂ ಬುತ್ತಿಯನ್ನೇ ತಿಂದ ಹಾಗೆ. ಬೆಂಗಳೂರಿನ ರನ್‌ವೇ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಗಾಳಿ ತೆಳು. ಬೇಸಿಗೆಯ ಬಿಸಿಲಿನಲ್ಲಿ ಇನ್ನೂ ತೆಳು. ತುಂಬಿದ ವಿಮಾನ ಏಳಬೇಕಾದರೆ ಹೊರೆಯ ಲೆಕ್ಕ ಬಿಗಿಯಾಗಿ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೊದ ರನ್‌ವೇ ಕೊಲ್ಲಿಯ ನೀರಿನ ಅಂಚಿನಲ್ಲೇ ಇದೆ, ಅಲ್ಲಿ ಆ ತಾಪತ್ರಯವಿಲ್ಲ.

ಮನುಷ್ಯನಿಗೆ ಈ ಉದ್ದನೆಯ ಹಾರಾಟದ ಹುಚ್ಚು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ವಶವಾದಾಗ, ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಕೆರೆಗೆ ಕ್ಯಾಟಲೀನಾ ಎಂಬ ತೇಲುವಿಮಾನಗಳು ಹಾರುತ್ತಿದ್ದವು, 1943ರಿಂದ 45ರವರೆಗೆ. ಇಂಧನ ತುಂಬಿದ ಮೇಲೆ ಉಳಿದ ಜಾಗದಲ್ಲಿ ಮೂವರು ಪ್ರಯಾಣಿಕರು. 27ರಿಂದ 33 ಗಂಟೆ ಆಕಾಶದಲ್ಲೇ. ಹಿಂದೂ ಮಹಾಸಾಗರದ ಮೇಲೆ ಎರಡು ಸಲ ಸೂರ್ಯ ಹುಟ್ಟುವುದನ್ನು ನೋಡಿದವರೆಂದು ಇಳಿದ ಮೇಲೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ಸಿಡ್ನಿಯಿಂದ ಲಂಡನ್ನಿಗೆ ಎಲ್ಲೂ ಇಳಿಯದೆ ಇಪ್ಪತ್ತು ಗಂಟೆ ಹಾರಲು ಕ್ವಾಂಟಾಸ್ ಈಗ ಹಾಕಿಕೊಂಡಿರುವ ಯೋಜನೆಗೆ 'ಸನ್‌ರೈಸ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅದೇ ಕಂಪನಿ 1947ರಲ್ಲಿ ಆ ಮಾರ್ಗ ಶುರುಮಾಡಿದಾಗ ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೊ, ಟ್ರಿಪೊಲಿ ಎಂದು ಇಳಿಯುತ್ತ ನಾಲ್ಕು ದಿನ ಹಿಡಿಯುತ್ತಿತ್ತು. ಮರುವರ್ಷ ಜೂನ್ 8ರಂದು ನಮ್ಮ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಕೈರೊ, ಜಿನೀವಾ ಹಾದು ಲಂಡನ್ನಿಗೆ ಹೋಯಿತು, 35 ಪ್ರಯಾಣಿಕರೊಂದಿಗೆ. ಈಗ ಸಿಂಗಪುರದಿಂದ ನ್ಯೂಯಾರ್ಕಿಗೆ 15,349 ಕಿಲೋಮೀಟರು, ಹದಿನೆಂಟೂವರೆ ಗಂಟೆಯ ಮೇಲೆ, ಒಂದೇ ಹಾರಾಟ. ಈ ದಾರಿಗಳಲ್ಲಿ ಊರುಗಳು ಒಂದೊಂದಾಗಿ ಉದುರಿಹೋದದ್ದು ನನಗೆ ಒಳಗೊಳಗೆ ಬೇಸರ. ಕಡೂರು, ಬೀರೂರಿನಲ್ಲಿ ನಿಲ್ಲದ ಗಾಡಿ ಕಂಡರೂ ನನಗೆ ಹೀಗೇ ಆಗುತ್ತದೆ, ಇದು ಭೂಗೋಳದ ಮೇಷ್ಟ್ರ ರೋಗ.

ಇದನ್ನೆಲ್ಲ ಓದಿ, ಮೇಷ್ಟ್ರು ನಡುವೆ ಇಳಿದು ಹೋಗಿ ಎನ್ನುತ್ತಿದ್ದಾರೆ ಎಂದು ತೀರ್ಮಾನಿಸಬೇಡಿ. ನನ್ನ ಹೆಂಡತಿಗೆ ನೇರ ವಿಮಾನವೇ ಬೇಕು. ಅವಳ ಕಾರಣ ನನ್ನ ಕಾರಣಗಳಿಗಿಂತ ಗಟ್ಟಿ.

ಒಂದು ಸಲ ವಾಪಸು ಬರುವ ಟಿಕೆಟ್ ಬೇರೆ ಕಂಪನಿಯದ್ದು, ಬೇರೆ ದಾರಿಯದ್ದಾಗಿತ್ತು. ನಿಲ್ದಾಣದ ಹೆಸರು ಬೇಡ. ನಡುವೆ ಎಪ್ಪತ್ತು ನಿಮಿಷ. ಪರದೆಯ ಮೇಲೆ ಎಪ್ಪತ್ತು ನಿಮಿಷವೆಂದರೆ ಅಚ್ಚುಕಟ್ಟು, ಕಾಯುವ ಹಾಗಿಲ್ಲ. ಇಳಿಯುವಾಗ ವಿಮಾನ ಇಪ್ಪತ್ತೈದು ನಿಮಿಷ ತಡ. ನಮ್ಮ ಸೀಟು ಕಟ್ಟಕಡೆಯ ಸಾಲು. ಮತ್ತೆ ಸೆಕ್ಯುರಿಟಿ, ಅಲ್ಲಿ ನನ್ನ ಬೆಲ್ಟು, ಅವಳ ಬಳೆ. ಒಂದು ರೈಲು ಹತ್ತಿ ಇನ್ನೊಂದು ಕಟ್ಟಡಕ್ಕೆ ಹೋಗಬೇಕು ಎಂದು ಬೋರ್ಡು ಓದಿ ತಿಳಿದುಕೊಳ್ಳುವಷ್ಟರಲ್ಲಿ ಹತ್ತು ನಿಮಿಷ. ಮೊಣಕಾಲು ಹಿಡಿದುಕೊಂಡು ಅವಳು ಓಡಿದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದೇ ಮೊದಲು. ಗೇಟಿನ ಬಾಗಿಲು ಮುಚ್ಚಿತ್ತು. ಗಾಜಿನಾಚೆ ವಿಮಾನ ನಿಂತೇ ಇತ್ತು. ಮುಂದಿನದ್ದು ಮರುದಿನ. ಆ ರಾತ್ರಿ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಕೈಚೀಲದಲ್ಲಿದ್ದ ಕೋಡುಬಳೆ ತಿನ್ನುತ್ತ ಅವಳು ಹೇಳಿದ್ದು ಇಷ್ಟೇ: 'ಇನ್ನು ಮೇಲೆ ಹತ್ತಿದರೆ ಇಳಿಯೋದು ಮನೇಲೇ.'

ಗಾಲಿಕುರ್ಚಿಯ ವಿಷಯವನ್ನೂ ಹೇಳಿಬಿಡುತ್ತೇನೆ, ನಿಮಗೆ ಇರುಸುಮುರುಸಾದರೂ. ಮೊದಲ ಸಲ ಮಗಳು ನಮಗಿಬ್ಬರಿಗೂ ವೀಲ್‌ಚೇರ್ ಬರೆಸಿದ್ದಳು. ನಾನು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವವನು. 'ಅದು ಕಾಲಿಗಲ್ಲಪ್ಪಾ, ದಾರಿ ತೋರಿಸೋಕೆ ಒಬ್ಬರು ಸಿಗ್ತಾರೆ' ಎಂದಳು. ಹೌದು, ನಮ್ಮಲ್ಲಿ ಎಷ್ಟೋ ಜನ ಅದರಲ್ಲಿ ಕೂರುವುದು ಕಾಲು ನೋಯುತ್ತದೆ ಎಂದಲ್ಲ, ಇಂಗ್ಲಿಷ್ ಬೋರ್ಡಿಗೂ ಇಮಿಗ್ರೇಶನ್ನಿನವರ ಪ್ರಶ್ನೆಗೂ ಹೆದರಿ. ಒಂದು ನಿಲ್ದಾಣದಲ್ಲಿ ನಮ್ಮಂಥ ಹನ್ನೆರಡು ಜನರನ್ನು ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ, ತಳ್ಳುವವನು ಮುಕ್ಕಾಲು ಗಂಟೆ ಮಾಯವಾದ. ಎದ್ದು ನೀರು ಕುಡಿಯಲು ಹೋದರೆ, 'ನಡೆಯಲು ಬರುತ್ತದೆ ಅಂದಮೇಲೆ ಕುರ್ಚಿ ಯಾಕೆ' ಎನ್ನುತ್ತಾರೋ ಎಂದು ನಾನು ಬಾಯಾರಿಕೊಂಡೇ ಕೂತೆ. ನಿಜವಾಗಿ ಕಾಲಿಲ್ಲದ ಒಬ್ಬರು ಆಚೆ ಕುರ್ಚಿಗಾಗಿ ಕಾಯುತ್ತಿದ್ದರು. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ನಮಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಕನ್ನಡದಲ್ಲಿ ಬರೆದ ಒಂದು ಹಾಳೆ. ಇಳಿದ ಮೇಲೆ ಎಡಕ್ಕೆ, ಇಂಥ ಬಣ್ಣದ ಬೋರ್ಡು, ರೈಲು ಹತ್ತಬೇಕು, ಎರಡನೇ ಸ್ಟಾಪು, ಗೇಟು ಬದಲಾದರೆ ಟಿವಿ ಪರದೆಯಲ್ಲಿ ಈ ನಂಬರು ಹುಡುಕಿ. ಮೂರನೇ ಸಲ ಮಗಳು ಅಂಥದ್ದೊಂದನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸಿದಳು. ಸ್ಟಾಪೇ ಇಲ್ಲದ ನೇರ ವಿಮಾನಕ್ಕೆ! ಆದರೂ ಇಳಿದ ಮೇಲೆ ಚಟ್ನಿಪುಡಿ, ಹುಳಿಪುಡಿ ಇದ್ದದ್ದನ್ನು ಮುಚ್ಚಿಡದೆ ಹೇಳಬೇಕು ಎಂದು ಅದರಲ್ಲಿ ಬರೆದದ್ದು ಉಪಯೋಗಕ್ಕೆ ಬಂತು. ನನ್ನ ಹೆಂಡತಿ ಹೇಳಿದಳು, ಕಸ್ಟಮ್ಸ್‌ನವರು ಮೂಸಿ ನೋಡಿ ಬಿಟ್ಟರು.

ಹಾಗಾಗಿ ಗುಂಡಿ ಒತ್ತುವ ಮೊದಲು ಒಂದು ಸಂಜೆ ಫೋನು ಮಾಡಿ. ದುಡ್ಡಿನ ಮಾತು ಬೇಡ, ದಾರಿಯ ಮಾತು ಆಡಿ. ಇಂಥ ಕಡೆಯಿಂದ ಹೋದರೆ ಇಲ್ಲಿ ಇಳಿಯಬೇಕು, ಮೂರು ಗಂಟೆಗೆ ಕಡಿಮೆ ಇಲ್ಲದ ಹಾಗೆ ನೋಡಿದ್ದೇನೆ. ಇಂಥ ಕಡೆಯಿಂದಾದರೆ ಹದಿನೇಳು ಗಂಟೆ ಕೂರಬೇಕು, ಯಾವುದು ಆದೀತು, ಎಂದು ಕೇಳಿ. ಅಮ್ಮನನ್ನು ಬೇರೆಯಾಗಿ ಕೇಳಿ, ಅಪ್ಪಂದಿರು ಇಬ್ಬರ ಪರವಾಗಿಯೂ ಉತ್ತರ ಹೇಳಿಬಿಡುತ್ತಾರೆ, ನಾನೂ ಹೇಳಿದ್ದೆ. ಎರಡು ಸ್ಟಾಪಿನದ್ದು ಎಷ್ಟು ಅಗ್ಗವಾದರೂ ಎಪ್ಪತ್ತು ದಾಟಿದವರಿಗೆ ತೆಗೆಯಬೇಡಿ, ಇದರಲ್ಲಿ ನನ್ನದು ಹಟವೇ. ಉಳಿದದ್ದೆಲ್ಲ ಮಾತಾಡಿಕೊಂಡರೆ ಆಗುತ್ತದೆ.

ನಮ್ಮ ಮುಂದಿನ ಪ್ರಯಾಣಕ್ಕೆ ಮಗಳು ಕಳೆದ ವಾರ ಹಾಗೇ ಕೇಳಿದಳು. ಫೋನು ಸ್ಪೀಕರಿನಲ್ಲಿತ್ತು. ನಾನು ಟೋಕಿಯೋ ಎಂದೆ. ನನ್ನ ಹೆಂಡತಿ ಗ್ಲೋಬಿನ ಮೇಲಿದ್ದ ದಾರವನ್ನು ಬೆರಳಿನಿಂದ ಸವರುತ್ತ, 'ಈ ಬಿಳೀ ಜಾಗ ಯಾವ ಕಡೆ ಕಿಟಕೀಲಿ ಕಾಣ್ತದೆ?' ಎಂದು ಕೇಳಿದಳು. ಹೋಗುವಾಗ ಎಡಗಡೆ ಎಂದೆ. 'ಹಾಗಾದ್ರೆ ನೇರದ್ದೇ ಹಾಕು, ಎಡಗಡೆ ಕಿಟಕಿ ನನಗೆ' ಎಂದಳು. ಓಡಾಡುವ ದಾರಿಯ ಬದಿಯ ಸೀಟು ನನ್ನದು.

ಇಂತಿ ನಿಮ್ಮ,
ಅರಸೀಕೆರೆಯ ಒಬ್ಬ ನಿವೃತ್ತ ಮೇಷ್ಟ್ರು